ಧರ್ಮಪಾಲಣ್ಣನ ಕಾರಿಗೆ ಮೂರನೇ ಅಪ್‌ಡೇಟು

ಆಲೆಟ್ಟಿಯ ಧರ್ಮಪಾಲಣ್ಣ ಕರೆಂಟಿನ ಕಾರು ಕೊಂಡದ್ದು ಪೆಟ್ರೋಲು ಉಳಿಸಲಿಕ್ಕೆ ಎಂದು ಊರು ತಿಳಿದಿತ್ತು. ಹೊಗೆ ಬಿಡುವುದಿಲ್ಲ ಎಂಬ ಕಾರಣಕ್ಕೆ ಒಂದು ಪರಿಸರದ ಸಭೆಯಲ್ಲಿ ಅವರಿಗೆ ಶಾಲನ್ನೂ ಹೊದೆಸಿದರು. ಶಾಲು ಹೊದ್ದುಕೊಂಡು ಅವರು ಮಾತಾಡದೆ ಬಂದದ್ದನ್ನು ವಿನಯ ಎಂದುಕೊಂಡರು. ನಿಜವೆಂದರೆ ಅವರು ಆ ಕಾರು ಕೊಂಡದ್ದು ಪಕ್ಕದ ಸೀಟಿನಲ್ಲಿ ಹೆಂಡತಿಯನ್ನು ಕೂರಿಸಿಕೊಳ್ಳಲಿಕ್ಕೆ, ಮತ್ತು ಇದನ್ನು ಸಭೆಯಲ್ಲಿ ಹೇಳುವ ಕ್ರಮ ನಮ್ಮಲ್ಲಿ ಇಲ್ಲ.

ಮೂರು ವರ್ಷದ ಹಿಂದೆ ಅವರಲ್ಲಿ ಜೀಪಿತ್ತು. ಹೆಂಡತಿ ಕಮಲಾವತಿ ಅಕ್ಕನನ್ನು ಪೆರಾಬೆಯ ತವರಿಗೆ ಕರೆದುಕೊಂಡು ಹೋಗುವಾಗ, ನಿಂತಿಕಲ್ಲು ದಾಟಿದ ಮೇಲೆ, ತಿರುವೇ ಇಲ್ಲದ ಕಡೆ ಜೀಪು ಮೆಲ್ಲಗೆ ಎಡಕ್ಕೆ ಸರಿದು ಚರಂಡಿಯಲ್ಲಿ ಮಲಗಿತು. ಇಬ್ಬರಿಗೂ ಗಾಯವಾಗಲಿಲ್ಲ. ತವರಿಗೆಂದು ಒಯ್ಯುತ್ತಿದ್ದ ಹಲಸಿನ ಹಣ್ಣು ಮಾತ್ರ ಹಿಂದಿನಿಂದ ಮುಂದಕ್ಕೆ ಬಂದು ತೆರೆದುಕೊಂಡಿತು.

"ಹಂದಿ ಅಡ್ಡ ಬಂತು" ಎಂದರು ಧರ್ಮಪಾಲಣ್ಣ.

ಕಮಲಕ್ಕ ಸೀರೆಗೆ ಅಂಟಿದ ಹಲಸಿನ ತೊಳೆ ತೆಗೆದು, ರಸ್ತೆಗೆ ಹತ್ತಿ, ಬರುತ್ತಿದ್ದ ಬಸ್ಸಿಗೆ ಕೈ ತೋರಿಸಿದರು. ಅಂದಿನಿಂದ ಗಂಡ ಓಡಿಸುವ ಯಾವ ವಾಹನವನ್ನೂ ಅವರು ಹತ್ತಿಲ್ಲ. ಜಗಳವೇನೂ ಇಲ್ಲ. ಮದುವೆ, ಉತ್ತರಕ್ರಿಯೆ, ಗೃಹಪ್ರವೇಶ ಯಾವುದಿದ್ದರೂ ಬೆಳಿಗ್ಗೆ ಗಂಡನಿಗೆ ತಿಂಡಿ ಬಡಿಸಿ, "ನಾನು ಬಸ್ಸಲ್ಲಿ ಬರ್ತೇನೆ, ನೀವು ಮೆಲ್ಲ ಬನ್ನಿ" ಎಂದು ಹೊರಡುವುದು. ಮದುವೆಯ ಹಾಲ್‌ನಲ್ಲಿ ಒಂದೇ ಮನೆಯವರು ಎರಡು ಸಲ ಶರಬತ್ತು ಕುಡಿದು, ಎರಡು ಸಲ ಕ್ಷೇಮಸಮಾಚಾರ ಹೇಳುವುದು. ಪಕ್ಕದ ಸೀಟಿನಲ್ಲಿ ಬಾಳೆಗೊನೆ, ಗೊಬ್ಬರದ ಚೀಲ, ಒಮ್ಮೊಮ್ಮೆ ನಾನು.

ಈ ಸ್ಥಿತಿಯಲ್ಲಿ ತಾನೇ ರಸ್ತೆ ನೋಡುವ, ತಾನೇ ಬ್ರೇಕು ಹಾಕುವ ಕಾರು ಬಂದಿದೆ ಎಂದು ಧರ್ಮಪಾಲಣ್ಣ ಪುತ್ತೂರಿನಲ್ಲಿ ಕೇಳಿದರು. ಅದಕ್ಕೆ ಡ್ರೈವರ್ ಅಸಿಸ್ಟ್ ಎಂದು ಹೆಸರು. ಓಡಿಸುವವನನ್ನು ನಂಬದ ಕಾರನ್ನು ಕಮಲ ನಂಬಿಯಾಳು ಎಂಬುದು ಅವರ ಲೆಕ್ಕಾಚಾರ.

ನನ್ನ ಪಾತ್ರ ಸಣ್ಣದು. ಕಾರಿನ ಕಂಪನಿ ಎರಡು ಮೂರು ತಿಂಗಳಿಗೊಮ್ಮೆ ಗಾಳಿಯಲ್ಲೇ ಏನೋ ಕಳಿಸಿ ಕಾರಿನ ಬುದ್ಧಿ ಬದಲಾಯಿಸುತ್ತದೆ. ಬದಲಾಯಿಸಿದ ಮೇಲೆ ಮಾಲೀಕರ ಅನಿಸಿಕೆ ಕೇಳುತ್ತದೆ. ಧರ್ಮಪಾಲಣ್ಣನಿಗೆ ಅನಿಸುವುದು ಬೇಗ, ಬರೆಯುವುದು ತಡ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನಾನು ಬೇಲಿಯಾಚೆ ಸುಮ್ಮನೆ ಕೂತಿದ್ದೆ. ಹಾಗೆ ಬರವಣಿಗೆ ನನಗೆ ಬಂತು.

ಮೊದಲನೇ ಅಪ್‌ಡೇಟಿಗೆ ನಾನು ಬರೆದದ್ದು ಹೀಗೆ: "ಗೆರೆ ಬಿಟ್ಟು ಹೋಗದಂತೆ ಕಾರು ಸ್ಟೇರಿಂಗ್ ಹಿಡಿದುಕೊಳ್ಳುತ್ತದೆ ಎಂದು ತಿಳಿಸಿದ್ದೀರಿ. ಆಲೆಟ್ಟಿಯಿಂದ ಸುಳ್ಯದವರೆಗೆ ಗೆರೆ ಇಲ್ಲದ ಕಾರಣ ಕಾರಿಗೆ ಕೆಲಸವಿರಲಿಲ್ಲ. ಸುಳ್ಯದಲ್ಲಿ ಗೆರೆ ಸಿಕ್ಕಿತು. ಅದರ ಮೇಲೆ ಕುಂಞಿಪಾತುಮ್ಮನವರ ಬಸಳೆಯ ಬುಟ್ಟಿ ಇತ್ತು. ಕಾರು ಬುಟ್ಟಿಯ ಮುಂದೆ ನಿಂತಿತು. ವ್ಯಾಪಾರಕ್ಕೆ ನಿಂತದ್ದೆಂದು ತಿಳಿದು ಅವರು ಎರಡು ಕಟ್ಟು ಬಸಳೆ ಕಿಟಕಿಯಿಂದ ಒಳಗೆ ಇಟ್ಟರು. ತೆಗೆದುಕೊಂಡೆವು. ಒಟ್ಟಿನಲ್ಲಿ ತೃಪ್ತಿಕರ."

ಎರಡನೇ ಅಪ್‌ಡೇಟಿನಲ್ಲಿ ಕಾರಿಗೆ ದಯೆ ಬಂತು. ಕೋಳಿಗೆ ನಿಂತಿತು. ಕರುವಿಗೆ ನಿಂತಿತು. ಮರದಿಂದ ಅಡಿಕೆ ಹಾಳೆಯೊಂದು ಬಿದ್ದದ್ದಕ್ಕೆ ಬ್ರೇಕು ಹಾಕಿ, ಹಿಂದಿದ್ದ ರಿಕ್ಷಾದವನು ಹಾರ್ನು ಬಾರಿಸುವವರೆಗೂ ಮೌನ ಆಚರಿಸಿತು. ತಿರುವಿನಲ್ಲಿ ನುಗ್ಗಿ ಬರುವ ಬಸ್ಸುಗಳಿಗಂತೂ ದಾರಿ ಬಿಟ್ಟು ಬಿಟ್ಟು, ಸುಳ್ಯ ಲೈನಿನ ಡ್ರೈವರುಗಳೆಲ್ಲ ಧರ್ಮಪಾಲಣ್ಣನಿಗೆ ಕೈ ಎತ್ತಿ ನಮಸ್ಕಾರ ಮಾಡತೊಡಗಿದರು. ಈ ಅನಿಸಿಕೆಯನ್ನು ಕಳಿಸುವ ಮುನ್ನ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನಿಂದ ಗಟ್ಟಿಯಾಗಿ ಓದಿಸಿದರು.

ಒಳಗಿನಿಂದ ಕಮಲಕ್ಕ ಹೇಳಿದರು: "ಕೋಳಿಗೆ ನಿಲ್ಲುದು ಒಳ್ಳೇದೇ ಮಾಷ್ಟ್ರೇ. ಹಂದಿಗೆ ನಿಲ್ತದಾ ಅಂತ ಕಂಪನಿಯವರತ್ರ ಒಮ್ಮೆ ಕೇಳಿ."

ಧರ್ಮಪಾಲಣ್ಣ ಕಾಗದ ಮಡಚಿದರು.

ಮೂರನೇ ಅಪ್‌ಡೇಟು ಬಂದದ್ದು ಶ್ರಾವಣದಲ್ಲಿ. ಸ್ಟೇರಿಂಗಿನ ಹಿಂದಿರುವ ಒಂದು ಸಣ್ಣ ಕ್ಯಾಮೆರಾ ಇನ್ನು ಮುಂದೆ ಓಡಿಸುವವನ ಮುಖ ನೋಡುತ್ತದೆ, ಮನೆಯವರಿಗೆ ಸುರಕ್ಷತೆಯ ವರದಿ ಕಳಿಸುತ್ತದೆ, ಒಪ್ಪಿಗೆ ಇದೆಯೇ ಎಂದು ಪರದೆ ಕೇಳಿತು. ಧರ್ಮಪಾಲಣ್ಣ ಬೆರಳನ್ನು ಪಂಚೆಗೆ ಒರೆಸಿ ಒತ್ತಿದರು. ಮನೆಯವರ ನಂಬರು ಎಂಬಲ್ಲಿ ಕಮಲಕ್ಕನ ನಂಬರು ಹಾಕಿದರು.

"ಇನ್ನು ಎಂತಕ್ಕೂ ನಾನು ಬಾಯಿ ಬಿಡುದು ಬೇಡ ಮಾಷ್ಟ್ರೇ. ಕಾರೇ ಹೇಳ್ತದೆ. ಇಂಥವರು ಇವತ್ತು ಬೆಳ್ಳಾರೆವರೆಗೆ ಒಳ್ಳೆ ಓಡಿಸಿದ್ದಾರೆ ಅಂತ."

ಮಾರನೆಯ ಬೆಳಿಗ್ಗೆ ನಾವಿಬ್ಬರು ಬೆಳ್ಳಾರೆಗೆ ಹೊರಟೆವು. ಕಮಲಕ್ಕ ಸುಳ್ಯದ ಬಸ್ಸಿನಲ್ಲಿದ್ದರು. ಅವರ ಮೊಬೈಲು ಕುಂಯ್ ಎಂದಿತು. ಕನ್ನಡಕ ಮನೆಯಲ್ಲಿ ಬಿಟ್ಟಿದ್ದರಿಂದ ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಸಾಕ್ಷಿಗೆ ಕೊಟ್ಟು ಓದು ಎಂದರು. ಸಾಕ್ಷಿಗೆ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಬಂದಿತ್ತು. ಅವಳು ಬಸ್ಸಿಗೆಲ್ಲ ಕೇಳುವಂತೆ ಓದಿದಳು: "ಚಾಲಕ ಧರ್ಮಪಾಲ ಅವರ ತಲೆ ಹಿಂದಕ್ಕೆ ವಾಲಿದೆ. ಬಾಯಿ ತೆರೆದಿದೆ. ನಿದ್ರೆಯ ಲಕ್ಷಣ ಕಂಡುಬಂದಿದೆ."

"ಕಾರು ಓಡ್ತಾ ಉಂಟಾ, ನಿಂತಿದೆಯಾ?" ಎಂದು ಕಂಡಕ್ಟರ್ ಕೇಳಿದ.

"ವೇಗ ಮೂವತ್ತೆಂಟು ಅಂತ ಉಂಟು."

"ಸತ್ತ" ಎಂದ ಕಂಡಕ್ಟರ್, ಟಿಕೆಟ್ ಹರಿಯುವುದನ್ನು ನಿಲ್ಲಿಸಿ.

ಸುಳ್ಯ ತಲುಪುವಷ್ಟರಲ್ಲಿ ಇನ್ನೂ ಆರು ಸಂದೇಶ ಬಂದವು. ಬಸ್ಸಿನವರೆಲ್ಲ ಇಳಿಯದೆ ಕೂತು ಕೇಳಿದರು. ಕಮಲಕ್ಕ ಫೋನು ಮಾಡಿದಾಗ ಧರ್ಮಪಾಲಣ್ಣ, "ಎಂತದೂ ಆಗ್ಲಿಲ್ಲ, ನಾವು ಗೋಳಿಬಜೆ ತಿಂತಾ ಇದ್ದೇವೆ" ಎಂದರು. ರೋಗ ಇರುವವರು ಹಾಗೆಯೇ ಹೇಳುವುದು ಎಂದು ಬಸ್ಸು ತೀರ್ಮಾನಿಸಿತು.

ಇಲ್ಲಿ ಓದುಗರಿಗೆ ಒಂದು ವಿಷಯ ತಿಳಿಸಬೇಕು. ಅಡಿಕೆ ಬೆಳೆಯುವವನಿಗೆ ರಸ್ತೆ ಎಂಬುದು ಎರಡು ತೋಟಗಳ ನಡುವಿನ ಖಾಲಿ ಜಾಗ. ಅವನು ಪರರ ತೋಟದ ಫಸಲು ನೋಡದೆ ಒಂದು ಮೈಲಿ ಹೋಗಲಾರ. ರಬ್ಬರಾದರೆ ಓರೆಗಣ್ಣು ಸಾಕು. ಅಡಿಕೆಯ ಗೊನೆ ಇರುವುದು ನಲವತ್ತು ಅಡಿ ಮೇಲೆ. ಅದನ್ನು ಎಣಿಸಬೇಕಾದರೆ ಕುತ್ತಿಗೆ ಹಿಂದಕ್ಕೆ ಹೋಗಬೇಕು, ಬಾಯಿ ತುಸು ತೆರೆಯಬೇಕು. ಆ ಭಂಗಿಯನ್ನು ಕೆಳಗಿನಿಂದ ನೋಡಿದ ಯಾವ ದೇಶದ ಯಂತ್ರವಾದರೂ ನಿದ್ರೆಯೆಂದೇ ಬರೆಯುತ್ತದೆ. ನಾನು ಪಕ್ಕದಲ್ಲೇ ಇದ್ದೆ. ಬೆಳ್ಳಾರೆಯವರೆಗೆ ಧರ್ಮಪಾಲಣ್ಣ ರಸ್ತೆ ನೋಡಿದ್ದು ಒಟ್ಟು ಅರ್ಧ ದಾರಿಯಿರಬಹುದು. ಉಳಿದರ್ಧ ಕಾರು ನೋಡಿಕೊಂಡಿತು.

"ನೀವು ತೋಟ ನೋಡುದು ಅಂತ ಅಕ್ಕನಿಗೆ ಹೇಳಿಬಿಡಿ. ಮುಗೀತಲ್ಲ" ಎಂದೆ.

"ಹೇಳ್ಬಹುದು." ಅವರು ಕಾರಿನ ಗಾಜು ಒರೆಸಿದರು. "ಹೇಳಿದ್ರೆ ಆ ಹಂದಿ ಎಂತ ಆಗ್ಬೇಕು ಮಾಷ್ಟ್ರೇ?"

ಆಗ ನನಗೆ ತಿಳಿಯಿತು. ಮೂರು ವರ್ಷ ಸಾಕಿದ ಹಂದಿ ಅದು.

ಊರು ತನ್ನ ಕರ್ತವ್ಯ ಮಾಡಿತು. ನಾಟಿ ಮದ್ದು ಕೊಡುವ ಕೂಸಪ್ಪ ಒಂದು ಬೇರು ತಂದು, "ಇದನ್ನು ಅರೆದು ಹಣೆಗೆ ಹಚ್ಚಿ. ನನ್ನ ಮಾವನಿಗೆ ಎಷ್ಟು ಎಚ್ಚರ ಬಂತೆಂದರೆ ಮತ್ತೆ ಅವರು ಮಲಗಲೇ ಇಲ್ಲ" ಎಂದ. ಸೊಸೈಟಿಯಲ್ಲಿ ಸಹಿ ಹಾಕುವಾಗ ಇಬ್ಬರು ಆಚೀಚೆ ನಿಂತು ಮೊಣಕೈ ಹಿಡಿದುಕೊಂಡರು. ಬಸ್ಸಿನ ಡ್ರೈವರುಗಳು ನಮಸ್ಕಾರ ನಿಲ್ಲಿಸಿ, ಅವರ ಕಾರು ಕಂಡ ಕೂಡಲೇ ದೂರದಿಂದಲೇ ಉದ್ದಕ್ಕೆ ಹಾರ್ನು ಬಾರಿಸತೊಡಗಿದರು, ಎಚ್ಚರಿಸುವ ಉಪಕಾರಕ್ಕೆ. ಸುಳ್ಯದ ಪೇಟೆಯಲ್ಲಿ ಪೊಲೀಸಿನವನು ಕಾರು ನಿಲ್ಲಿಸಿ ಕೊಳವೆ ಊದಿಸಿದ. ಏನೂ ಬರಲಿಲ್ಲ.

"ಕುಡೀದೆ ನಿದ್ರೆ ಬರುದಾ ನಿಮಗೆ?" ಎಂದು ಕೇಳಿದ, ಸ್ವಲ್ಪ ಅಸೂಯೆಯಿಂದ.

ಪುತ್ತೂರಿನಲ್ಲಿರುವ ಮಗಳು ಹೇಮಶ್ರೀ ದಿನಕ್ಕೆ ಮೂರು ಸಲ ಫೋನು ಮಾಡಿದಳು. "ಅಪ್ಪಾ, ಈಗ ಎಚ್ಚರ ಇದ್ದೀರಾ?"

"ಫೋನು ಎತ್ತಿದ್ದು ಯಾರು ಮಗಾ?"

"ಅದು ಸರಿ. ಆದ್ರೂ ಕೇಳಿದೆ."

ಈ ಸಲದ ಅನಿಸಿಕೆಯಲ್ಲಿ ನಾನು ಶಬ್ದಗಳನ್ನು ಹರಿತಗೊಳಿಸಿದೆ. "ಮೂರನೇ ಅಪ್‌ಡೇಟಿನ ನಂತರ ತಮ್ಮ ಕಾರಿಗೆ ಚಾಡಿ ಹೇಳುವ ಚಟ ಅಂಟಿದೆ. ಸಭ್ಯ ಗೃಹಸ್ಥನೊಬ್ಬ ತಲೆ ಎತ್ತಿದ ಮಾತ್ರಕ್ಕೆ..." ಎಂದು ಮೊದಲಾಗಿ ಒಂದೂವರೆ ಪುಟ. ಕಂಪನಿಯಿಂದ ಒಬ್ಬ ಹುಡುಗಿ ಫೋನು ಮಾಡಿದಳು. ಧರ್ಮಪಾಲಣ್ಣನಿಗೆ ಸ್ಪೀಕರು ಹಾಕದೆ ಮಾತಾಡಲು ಬರುವುದಿಲ್ಲ. ಕಮಲಕ್ಕ ಅಲ್ಲೇ ಸೌತೆಕಾಯಿ ಹೆಚ್ಚುತ್ತಿದ್ದರು.

"ಸರ್, ನೀವು ಡ್ರೈವ್ ಮಾಡುವಾಗ ತಲೆ ಯಾಕೆ ಹಿಂದಕ್ಕೆ ಹಾಕ್ತೀರಿ?"

ಧರ್ಮಪಾಲಣ್ಣ ಸೌತೆಕಾಯಿಯ ಕಡೆ ನೋಡಿದರು. "ಅದು... ಯೋಚನೆ ಮಾಡುವಾಗ."

"ಒಂದು ಟ್ರಿಪ್ಪಿನಲ್ಲಿ ನಲವತ್ತೊಂದು ಸಲ ಆಗಿದೆ ಸರ್. ಅಷ್ಟು ಸಲ ಯೋಚನೆಯಾ?"

ಕಮಲಕ್ಕ ಕತ್ತಿ ಕೆಳಗಿಟ್ಟು ಫೋನಿನ ಹತ್ತಿರ ಬಗ್ಗಿದರು. "ಅಷ್ಟೆಲ್ಲ ಯೋಚನೆ ಇವರಿಗೆ ಇಲ್ಲ ಮಗಾ. ಅದು ನಿದ್ರೆಯೇ. ನಿಮ್ಮ ಕಾರು ಹೇಳಿದ್ದು ಸರಿ ಉಂಟು."

ಮರುದಿನ ಬೆಳಿಗ್ಗೆ ಧರ್ಮಪಾಲಣ್ಣ ಕಾರಿಗೆ ಕೂರುವಾಗ ಪಕ್ಕದ ಬಾಗಿಲು ತೆರೆಯಿತು. ಕಮಲಕ್ಕ ಸೀಟಿನ ಮೇಲಿದ್ದ ಗೋಣಿಚೀಲವನ್ನು ತೆಗೆದು ನನ್ನ ತೊಡೆಯ ಮೇಲೆ ಇಟ್ಟು (ನಾನು ಆಗಲೇ ಹಿಂದೆ ಕೂತಿದ್ದೆ), ಸೆರಗು ಸರಿಮಾಡಿ ಕೂತರು. ಬೆಲ್ಟು ಹೇಗೆ ಹಾಕುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡರು.

"ಪುತ್ತೂರಿಗೆ ಹೋಗುದು. ಹೇಮ ಡಾಕ್ಟ್ರತ್ರ ಹೇಳಿಟ್ಟಿದ್ದಾಳೆ. ನಿಮ್ಮನ್ನು ಒಬ್ಬರನ್ನೇ ಬಿಡ್ಲಿಕ್ಕೆ ಇನ್ನು ನನ್ನಿಂದ ಆಗುದಿಲ್ಲ."

ಮೂರು ವರ್ಷ ಯಾವುದಕ್ಕಾಗಿ ಕಾದಿದ್ದರೋ ಅದು ಪಕ್ಕದಲ್ಲಿ ಕೂತಿತ್ತು. ಧರ್ಮಪಾಲಣ್ಣನ ಮುಖ ಮಾತ್ರ, ಬಹುಮಾನ ಬಂದಿದೆ ಎಂದು ಕರೆದು ತಪ್ಪು ಹೆಸರು ಓದಿದಾಗ ಹುಡುಗರ ಮುಖ ಹೇಗಾಗುತ್ತದೋ ಹಾಗಿತ್ತು. ಅವರು ಬಗ್ಗಿ ಹೆಂಡತಿಗೆ ಬೆಲ್ಟು ಹಾಕಿಕೊಟ್ಟರು.

ದಾರಿಯುದ್ದಕ್ಕೂ ಕಮಲಕ್ಕ ಗಂಡನನ್ನು ಎಚ್ಚರವಾಗಿಡುವ ಕೆಲಸ ಮಾಡಿದರು. ಜಾಲ್ಸೂರಿನವರೆಗೆ ಧರ್ಮಪಾಲಣ್ಣನ ಕಡೆಯ ಸೋದರತ್ತೆಯರ ಹೆಸರನ್ನು ಕ್ರಮವಾಗಿ ಹೇಳಿಸಿದರು. ಕಾವು ಬಂದಾಗ ಹದಿನಾರರ ಮಗ್ಗಿ. ಹದಿನಾರೇಳಲ ನೂರಹನ್ನೆರಡು ಎಂಬಲ್ಲಿ ಅವರು ತಡವರಿಸಿದಾಗ ಕಮಲಕ್ಕ ಗಾಬರಿಯಿಂದ ತೋಳು ಚಿವುಟಿದರು. ಧರ್ಮಪಾಲಣ್ಣ ಒಮ್ಮೆಯೂ ತಲೆ ಎತ್ತಲಿಲ್ಲ. ಕುಂಬ್ರದಲ್ಲಿ ಎಂಥ ತೋಟ ಬಂದರೂ ಎದುರಿನ ಟಾರನ್ನೇ ನೋಡಿದರು. ಕಾರಿನಿಂದ ಒಂದೂ ಸಂದೇಶ ಬರಲಿಲ್ಲ.

"ನೋಡಿ, ಮಾತಾಡಿಸ್ತಾ ಇದ್ರೆ ಬರುದಿಲ್ಲ" ಎಂದು ಕಮಲಕ್ಕ ಹಿಂದೆ ತಿರುಗಿ ನನಗೆ ಪಿಸುಗುಟ್ಟಿದರು. ರೋಗ ಖಚಿತವಾಯಿತು.

ಡಾಕ್ಟರು ಸಮಾಧಾನದ ಮನುಷ್ಯ. "ಹಗಲು ನಿದ್ರೆ ಬರ್ತದಾ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ" ಎಂದರು ಧರ್ಮಪಾಲಣ್ಣ.

"ಬರ್ತದೆ, ಇವರಿಗೆ ಗೊತ್ತಾಗುದಿಲ್ಲ" ಎಂದರು ಕಮಲಕ್ಕ, ಮತ್ತು ಮೊಬೈಲಿನಲ್ಲಿದ್ದ ನೂರಿಪ್ಪತ್ತೆಂಟು ಸಂದೇಶಗಳನ್ನು ಮೇಜಿನ ಮೇಲಿಟ್ಟರು.

ಡಾಕ್ಟರು ಅಷ್ಟನ್ನೂ ಓದಿ ಕನ್ನಡಕ ತೆಗೆದರು. ಮಂಗಳೂರಿನಲ್ಲಿ ಒಂದು ರಾತ್ರಿ ಮಲಗಬೇಕು, ತಲೆಗೂ ಎದೆಗೂ ವಯರು ಅಂಟಿಸಿ ನಿದ್ರೆಯನ್ನು ಪರೀಕ್ಷೆ ಮಾಡುತ್ತಾರೆ, ಅಲ್ಲಿಯವರೆಗೆ ಕಾರು ಮುಟ್ಟಬಾರದು ಎಂದರು.

ಕಮಲಕ್ಕ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟರು. "ವಯರು ಹಾಕುವಾಗ ನಾನು ಹತ್ತಿರ ಕೂತ್ಕೊಳ್ಬಹುದಾ ಡಾಕ್ಟ್ರೇ? ಇವರಿಗೆ ಹೊಸ ಜಾಗ ಆಗುದಿಲ್ಲ."

ಧರ್ಮಪಾಲಣ್ಣ ನೆಲ ನೋಡುತ್ತಿದ್ದರು.

ಹೊರಗೆ ಬಂದು ಎದುರಿನ ಹೋಟೆಲಿಗೆ ಹೋದೆವು. ಮೂರು ಕಾಫಿ ಬಂತು. ಕಮಲಕ್ಕ ತಮ್ಮದನ್ನು ನನ್ನ ಕಡೆ ಸರಿಸಿದರು. ದಿನಕ್ಕೆ ಐದು ಸಲ ಕಾಫಿ ಕುಡಿಯುವವರು ಅವರು. ಅವರ ಮನೆಯಲ್ಲಿ ಹೊತ್ತು ತಿಳಿಯುವುದೇ ಕಾಫಿಯ ಪರಿಮಳದಿಂದ.

"ಎಂತ, ಕುಡೀಲಿಕ್ಕಿಲ್ವಾ?" ಎಂದರು ಧರ್ಮಪಾಲಣ್ಣ.

"ಬಿಟ್ಟಿದ್ದೇನೆ. ನಿಮ್ಮದು ಗುಣ ಆಗುವವರೆಗೆ ಅಂತ ಹೇಳಿಕೊಂಡಿದ್ದೇನೆ."

"ಯಾವಾಗ?"

"ಬಸ್ಸಲ್ಲಿ ಆ ಹುಡುಗಿ ಓದಿದ ದಿನ."

ಹನ್ನೆರಡು ದಿನವಾಗಿತ್ತು. ಧರ್ಮಪಾಲಣ್ಣ ತಮ್ಮ ಕಾಫಿಯನ್ನೂ ಮುಟ್ಟದೆ ಎದ್ದರು. ಉಳಿದ ಎರಡೂವರೆ ಲೋಟದ ಹೊಣೆ ನನ್ನ ಮೇಲೆ ಬಿತ್ತು. ನಾನು ಒಂದನ್ನು ಮಾತ್ರ ಮುಗಿಸಿ ಹಿಂದೆ ಓಡಿದೆ.

ಕಾರಿನಲ್ಲಿ ಕೂತಮೇಲೆ ಕಮಲಕ್ಕ ಹೇಳಿದರು: "ನೀವು ಈಚೆ ಬನ್ನಿ. ಮಾಷ್ಟ್ರು ಓಡಿಸ್ತಾರೆ."

ನನಗೆ ಸಂಧಿ ಸಮಾಸ ಬಿಟ್ಟರೆ ಸೈಕಲ್ಲು ಮಾತ್ರ ಗೊತ್ತು ಎಂದೆ.

"ಹಾಗಾದ್ರೆ ಇದು ಇಲ್ಲೇ ಇರ್ಲಿ. ಬಸ್ಸಲ್ಲಿ ಹೋಗುವ, ಮೂವರೂ." ಅವರು ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟರು.

"ಕಮಲಾ" ಎಂದರು ಧರ್ಮಪಾಲಣ್ಣ. "ಹಂದಿ ಇರ್ಲಿಲ್ಲ."

ಹೊರಗಿನ ಕಾಲು ಹೊರಗೇ ಇತ್ತು.

"ನಿದ್ರೆಯೂ ಅಲ್ಲ. ಅಂದೂ ಅಲ್ಲ, ಈಗಲೂ ಅಲ್ಲ. ನಾನು ತೋಟ ನೋಡುದು. ಮೇಲೆ, ಗೊನೆ. ನಿಂತಿಕಲ್ಲಿನಲ್ಲಿ ಆ ದಿನವೂ ಅದೇ. ಎಲ್ಲ ಕಡೆ ನೋಡ್ಕೊಂಡು ಹೋಗುದು, ಹಳದಿ ರೋಗ ನಮ್ಮ ತೋಟಕ್ಕೆ ಮಾತ್ರ ಬಂದದ್ದಾ, ಬೇರೆಯವರದ್ದೂ ಹೀಗೆಯೇ ಆಗಿದೆಯಾ ಅಂತ. ಅಷ್ಟೇ."

ನಾನು ಗೋಣಿಚೀಲದ ಮೇಲಿನ ಅಕ್ಷರಗಳನ್ನು ಓದತೊಡಗಿದೆ. ಗೊಬ್ಬರ ಹಾಕುವ ಪ್ರಮಾಣ ಮೂರು ಭಾಷೆಯಲ್ಲಿತ್ತು.

"ಹಂದಿ ಇರ್ಲಿಲ್ಲ ಅಂತ ನನಗೆ ಆ ದಿನವೇ ಗೊತ್ತುಂಟು" ಎಂದರು ಕಮಲಕ್ಕ. "ನಾನು ಎಲ್ಲಿ ಕೂತಿದ್ದೆ? ನಿಮ್ಮ ಬದಿಯಲ್ಲೇ ಅಲ್ವಾ? ಅಷ್ಟು ದೊಡ್ಡ ಹಂದಿ ನನಗೆ ಮಾತ್ರ ಕಾಣದೆ ಹೋಯ್ತಾ?"

ಈ ಸಾಧ್ಯತೆ ಮೂರು ವರ್ಷದಲ್ಲಿ ಧರ್ಮಪಾಲಣ್ಣನಿಗೆ ಹೊಳೆದಿರಲಿಲ್ಲ. ಸತ್ಯ ಹೇಳಬೇಕೆಂದರೆ ನನಗೂ.

"ಮತ್ತೆ ಹೇಳ್ಳಿಲ್ಲ ಯಾಕೆ?"

"ಹೇಳ್ಬೇಕಾದವರು ಯಾರು?"

ಧರ್ಮಪಾಲಣ್ಣ ಎದುರಿನ ಕನ್ನಡಿ ಸರಿಮಾಡಿದರು.

"ನೀವು ಹೇಳುವವರೆಗೆ ಬಸ್ಸಲ್ಲಿ ಹೋಗುವ ಅಂತ ಮಾಡಿದ್ದು. ಒಂದು ವಾರ ಆದೀತು ಅಂತ. ನೀವು ಮೂರು ವರ್ಷ ಮಾಡ್ತೀರಿ ಅಂತ ನನಗೆಂತ ಗೊತ್ತು?" ಕಮಲಕ್ಕನ ದನಿ ಸ್ವಲ್ಪ ಇಳಿಯಿತು. "ಮತ್ತೆ ಈ ಕಾರು ನಿದ್ರೆ ಅಂತ ಹೇಳಿತು. ಹಾಗಾದ್ರೆ ಆ ದಿನವೂ ನಿದ್ರೆಯೇ, ನನಗೆ ಹೆದರಿಕೆ ಆಗ್ಬಾರ್ದು ಅಂತ ಹಂದಿ ಅಂದಿದ್ದಾರೆ ಅಂತ ಎಣಿಸಿದೆ. ಇಷ್ಟು ವರ್ಷ ಆ ರೋಗದಲ್ಲಿ ನಿಮ್ಮನ್ನು ಒಬ್ಬರನ್ನೇ ಕಳಿಸಿದೆನಲ್ಲ ಅಂತ... ಹನ್ನೆರಡು ದಿನ ನಾನು ಮಲಗಿದ್ದು ಗೋಡೆಗೆ ಒರಗಿ, ನಿಮ್ಮ ಉಸಿರು ನೋಡ್ಕೊಂಡು."

ಧರ್ಮಪಾಲಣ್ಣ ಸ್ಟೇರಿಂಗಿನ ಮೇಲಿದ್ದ ಕೈಯನ್ನು ತೆಗೆದು ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ಅಲ್ಲೇ ಇಟ್ಟರು.

ಕಮಲಕ್ಕ ಹೊರಗಿದ್ದ ಕಾಲಿನ ಜೊತೆಗೆ ಇನ್ನೊಂದನ್ನೂ ಸೇರಿಸಿ ಇಳಿದರು. ಮುಗಿಯಿತು ಎಂದುಕೊಂಡೆ. ಅವರು ಬಸ್‌ಸ್ಟ್ಯಾಂಡಿನ ಕಡೆ ತಿರುಗದೆ ಸೀದಾ ಹೋಟೆಲಿಗೆ ಹೋದರು. ನಾವು ಗಾಜಿನಿಂದ ನೋಡುತ್ತಿದ್ದೆವು. ಒಂದು ಕಾಫಿ ನಿಂತೇ ಕುಡಿದರು. ಮಾಣಿಯನ್ನು ಕರೆದು ಇನ್ನೊಂದು ತರಿಸಿ ಕೂತು ಕುಡಿದರು. ಬಾಯಿ ಒರೆಸಿಕೊಂಡು ಬಂದು, ಸೀಟಿನಲ್ಲಿ ಕೂತು, ಬೆಲ್ಟನ್ನು ತಾವೇ ಎಳೆದು ಟಕ್ ಎನ್ನಿಸಿದರು.

"ಪೆರಾಬೆಗೆ ಬಿಡಿ. ತಮ್ಮನ ಮನೆಗೆ ಹೋಗದೆ ಎಷ್ಟು ದಿನ ಆಯ್ತು. ನೀವು ಎದುರು ನೋಡಿ ಓಡಿಸುದು. ಬದಿ ನಾನು ನೋಡಿ ಹೇಳ್ತೇನೆ."

ಸವಣೂರಿನ ದಾರಿ ಹಿಡಿದೆವು. ಕಮಲಕ್ಕ ಮಾತಿಗೆ ತಪ್ಪುವವರಲ್ಲ. "ಎಡಬದಿ ರಬ್ಬರು, ಬಿಡಿ." "ಬಲಕ್ಕೆ ಸಣ್ಣ ತೋಟ, ಕಳೆ ತೆಗೀಲಿಲ್ಲ, ಮನೆಯವರು ಇಲ್ಲಿಲ್ಲದವರು." "ಇದಕ್ಕೆ ಎಲೆಚುಕ್ಕಿ ಉಂಟು. ಮದ್ದು ಹೊಡೆದ ಹಾಗೆ ಕಾಣುದಿಲ್ಲ." ಧರ್ಮಪಾಲಣ್ಣ ಒಂದೊಂದಕ್ಕೂ ಹೂಂ ಎನ್ನುತ್ತ, ಒಮ್ಮೊಮ್ಮೆ, "ಮರಕ್ಕೆ ಎಷ್ಟು ಗೊನೆ?" ಎಂದು ವಿವರ ಕೇಳುತ್ತ, ಜೀವನದಲ್ಲಿ ಮೊದಲ ಸಲ ರಸ್ತೆಯ ಪೂರ್ಣ ಪರಿಚಯ ಮಾಡಿಕೊಂಡರು. ಕಾರು ಯಾರಿಗೂ ಏನೂ ಬರೆಯಲಿಲ್ಲ.

ಕಾಣಿಯೂರು ದಾಟಿ ಒಂದು ಇಳಿಜಾರಿನಲ್ಲಿ ಎಡಕ್ಕೆ ಉದ್ದವಾದ ತೋಟ ಬಂತು. ಅಂಥದನ್ನು ನಾನು ಇತ್ತೀಚೆಗೆ ನೋಡಿಲ್ಲ. ಒಂದು ಸೋಗೆಯೂ ಹಳದಿಯಾಗಿರಲಿಲ್ಲ, ಕಪ್ಪು ತಿರುಗಿದ ಹಸಿರು. ಮರಮರಕ್ಕೂ ನಾಲ್ಕು ಗೊನೆ, ಭಾರಕ್ಕೆ ಕೆಳಗೆ ಬಾಗಿದ್ದವು. ಧರ್ಮಪಾಲಣ್ಣನ ಕುತ್ತಿಗೆ ತುಸು ಅಲುಗಾಡಿ ನಿಂತಿತು.

"ಇದು ಹೇಗುಂಟು?" ಎಂದರು.

ಕಮಲಕ್ಕ ಕಿಟಕಿಯಿಂದ ಆ ತೋಟವನ್ನು ಕೊನೆಯವರೆಗೂ ನೋಡಿದರು.

"ಎಂತ ವಿಶೇಷ ಇಲ್ಲ" ಎಂದರು. "ಹಳದಿ ಬಂದಿದೆ. ನಮ್ಮದರ ಹಾಗೇ."

"ಹೌದಾ ಮಾಷ್ಟ್ರೇ?"

ಕಮಲಕ್ಕ ಹಿಂದೆ ತಿರುಗಿ ನನ್ನನ್ನು ನೋಡಿದರು.

"ಹೌದು" ಎಂದೆ.

"ಪಾಪ" ಎಂದರು ಧರ್ಮಪಾಲಣ್ಣ, ಕಣ್ಣನ್ನು ರಸ್ತೆಯಿಂದ ತೆಗೆಯದೆ.